‘ನಾವು ಅವರಂತಲ್ಲ’: ಕಪ್ಪೆ, ರೋಸ್‌ಬೀಫ್ ಮತ್ತು ಎರಡು ದೇಶಗಳ ಗುರುತು

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಮಗಳು ಇಂಗ್ಲೆಂಡಿನಲ್ಲಿ ಎಂ.ಎಸ್‌ಸಿ. ಓದುತ್ತಿದ್ದಾಳೆ. ಅವಳ ಜೊತೆ ಒಂದೇ ಮನೆಯಲ್ಲಿ ಒಬ್ಬಳು ಇಂಗ್ಲಿಷ್ ಹುಡುಗಿ, ಒಬ್ಬಳು ಫ್ರೆಂಚ್ ಹುಡುಗಿ ಇದ್ದಾರೆ. ಮೂವರೂ ಒಳ್ಳೆಯ ಸ್ನೇಹಿತೆಯರು. ಆದರೆ ಊಟಕ್ಕೆ ಕೂತರೆ ಸಾಕು, ಇಂಗ್ಲಿಷ್ ಹುಡುಗಿ ಫ್ರೆಂಚ್ ಹುಡುಗಿಯನ್ನು ‘ಕಪ್ಪೆ’ ಅನ್ನುತ್ತಾಳಂತೆ, ಅವಳು ಇವಳನ್ನು ‘ರೋಸ್‌ಬೀಫ್’ ಅನ್ನುತ್ತಾಳಂತೆ. ಪಕ್ಕಪಕ್ಕದ ದೇಶಗಳು, ನಮ್ಮ ಕಣ್ಣಿಗೆ ಇಬ್ಬರೂ ಒಂದೇ ಥರ ಕಾಣುತ್ತಾರೆ. ಹಾಗಿದ್ದೂ ಈ ಗೇಲಿ ಎಲ್ಲಿಂದ ಬಂತು? ಇದು ಬರೀ ತಮಾಷೆನಾ, ಅಥವಾ ದೇಶದ ಗುರುತು ಅನ್ನೋದೇ ಹೀಗೆ ಹುಟ್ಟುತ್ತಾ?
(ದಾವಣಗೆರೆಯ ಓದುಗರೊಬ್ಬರು)

ಉತ್ತರ: ನಮಸ್ಕಾರ. ಆ ‘ಕಪ್ಪೆ’ಯಿಂದಲೇ ಶುರು ಮಾಡೋಣ. ಯಾಕೆಂದರೆ ಅದು ಮೊದಲಿಗೆ ಫ್ರೆಂಚರಿಗೆ ಇಟ್ಟ ಹೆಸರೇ ಅಲ್ಲ.

1712ರಲ್ಲಿ ಲಂಡನ್‌ನಲ್ಲಿ ಜಾನ್ ಆರ್ಬತ್‌ನಾಟ್ ಎಂಬ ವೈದ್ಯರು ಕೆಲವು ಕಿರುಹೊತ್ತಿಗೆಗಳನ್ನು ಬರೆದರು. ಆಗ ಯುರೋಪಿನಲ್ಲಿ ದೊಡ್ಡ ಯುದ್ಧ ನಡೆಯುತ್ತಿತ್ತು. ಅದನ್ನು ಅವರು ನೆರೆಹೊರೆಯವರ ಕೋರ್ಟು ವ್ಯಾಜ್ಯದ ಹಾಗೆ ಬರೆದರು. ಒಂದೊಂದು ದೇಶಕ್ಕೆ ಒಬ್ಬೊಬ್ಬ ಮನುಷ್ಯ. ಇಂಗ್ಲೆಂಡ್ ಅಂದರೆ ಜಾನ್ ಬುಲ್, ಬಟ್ಟೆ ವ್ಯಾಪಾರಿ. ಮುಂಗೋಪಿ, ಆದರೆ ಒಳಗೊಂದು ಹೊರಗೊಂದು ಇಲ್ಲದವನು. ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿಗೆ ಲೂಯಿಸ್ ಬಬೂನ್ ಅಂತ ಹೆಸರು. ಬೂರ್ಬೋನ್ ಅನ್ನುವ ರಾಜವಂಶದ ಹೆಸರನ್ನು ತಿರುಚಿ ಕೋತಿಯ ಹೆಸರು ಮಾಡಿದ್ದರು. ಅದರಲ್ಲಿ ನಿಕ್ ಫ್ರಾಗ್ ಎಂಬ ಕಪ್ಪೆಯೂ ಇದ್ದಾನೆ. ಅವನು ಡಚ್ಚರವನು, ನೀರು, ಜವುಗು, ಕಾಲುವೆಗಳ ನಾಡಿನವನು. ಕಾಲ ಕಳೆದ ಹಾಗೆ ಡಚ್ಚರು ಇಂಗ್ಲೆಂಡಿಗೆ ದೊಡ್ಡ ಪೈಪೋಟಿಯಾಗಿ ಉಳಿಯಲಿಲ್ಲ. ಆಮೇಲೆ ಆ ಹೆಸರು ಮೆಲ್ಲಗೆ ಫ್ರೆಂಚರಿಗೆ ಅಂಟಿಕೊಂಡಿತು. ಅವರು ಕಪ್ಪೆ ಕಾಲು ತಿನ್ನುತ್ತಾರೆ ಎಂಬ ಕಾರಣವೂ ಜೊತೆಗೆ ಸಿಕ್ಕಿತು.

ಜಾನ್ ಬುಲ್ ಇವತ್ತಿಗೂ ಅಪ್ಪಟ ಇಂಗ್ಲಿಷ್ ಮನುಷ್ಯನ ಸಂಕೇತ, ಅಲ್ವಾ? ಅವನನ್ನು ಹುಟ್ಟಿಸಿದ ಆರ್ಬತ್‌ನಾಟ್ ಮಾತ್ರ ಸ್ಕಾಟ್ಲೆಂಡಿನವರು. ಈ ಸಣ್ಣ ವಿಷಯವನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಆರ್ಬತ್‌ನಾಟ್ ಬರೆಯುವ ಐದು ವರ್ಷ ಮೊದಲು, 1707ರಲ್ಲಿ, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಸೇರಿ ಗ್ರೇಟ್ ಬ್ರಿಟನ್ ಎಂಬ ಒಂದು ರಾಜ್ಯವಾಗಿದ್ದವು. ಕಾಗದದ ಮೇಲೆ ಒಂದಾದರು, ಅಷ್ಟೆ. ಎರಡೂ ಕಡೆಯ ಚರ್ಚ್ ಬೇರೆ, ಕಾನೂನು ಬೇರೆ. ವೇಲ್ಸ್‌ನ ಹಳ್ಳಿಗಳಲ್ಲಿ ಎಷ್ಟೋ ಜನರಿಗೆ ವೆಲ್ಷ್ ಬಿಟ್ಟರೆ ಇನ್ನೊಂದು ಭಾಷೆ ಬರುತ್ತಿರಲಿಲ್ಲ. ಸ್ಕಾಟ್ಲೆಂಡಿನ ಬೆಟ್ಟಗುಡ್ಡದ ಜನ ಗೇಲಿಕ್ ಮಾತಾಡುತ್ತಿದ್ದರು. ಇವರನ್ನೆಲ್ಲ ಒಂದು ಕಡೆ ಕೂರಿಸಿ ‘ಬ್ರಿಟಿಷರಾದ ನಾವು ಎಂಥವರು?’ ಅಂತ ಕೇಳಿದ್ದರೆ ಜಗಳವೇ ಆಗುತ್ತಿತ್ತು. ‘ನಾವು ಯಾರಂತಲ್ಲ?’ ಅಂತ ಕೇಳಿದ್ದರೆ ಎಲ್ಲರ ಬೆರಳೂ ಒಂದೇ ಕಡೆ ತೋರಿಸುತ್ತಿತ್ತು. ಡೋವರ್‌ನ ಬಿಳಿ ಬಂಡೆಗಳ ಮೇಲೆ ನಿಂತರೆ, ಆಕಾಶ ತಿಳಿಯಾಗಿರುವ ದಿನ ಫ್ರಾನ್ಸಿನ ದಡ ಬರಿಗಣ್ಣಿಗೇ ಕಾಣುತ್ತದೆ. ನಡುವೆ ಇರುವುದು 33 ಕಿಲೋಮೀಟರ್ ನೀರು.

ನನ್ನ ಉತ್ತರದ ತಿರುಳು ಇಲ್ಲಿದೆ. ಹೊಸದಾಗಿ ಒಂದು ದೇಶ ಕಟ್ಟುವಾಗ ಒಳಗಿನ ಬಿರುಕುಗಳು ಕಣ್ಣಿಗೆ ಹೊಡೆಯುತ್ತಿರುತ್ತವೆ. ಅವುಗಳ ಮೇಲೆ ನೆರೆಯವರ ದೊಡ್ಡದೊಂದು ಚಿತ್ರ ತೂಗುಹಾಕುತ್ತಾರೆ. ಆ ಚಿತ್ರದಲ್ಲಿ ನೆರೆಯವನು ಹೇಗಿದ್ದಾನೋ ಅದಕ್ಕೆ ತದ್ವಿರುದ್ಧವಾಗಿ ‘ನಾವು’ ಇರುತ್ತೇವೆ. 1689ರಿಂದ 1815ರವರೆಗೆ ಈ ಎರಡು ದೇಶಗಳು ಏಳು ದೊಡ್ಡ ಯುದ್ಧಗಳಲ್ಲಿ ಎದುರುಬದುರಾದವು. ಇಂಗ್ಲಿಷ್, ಸ್ಕಾಟ್, ವೆಲ್ಷ್ ಜನರೆಲ್ಲ ತಮ್ಮನ್ನು ‘ಬ್ರಿಟಿಷರು’ ಅಂತ ಕರೆದುಕೊಳ್ಳಲು ಕಲಿತದ್ದು ಈ ಯುದ್ಧಗಳಲ್ಲಿ ಎಂದು ಲಿಂಡಾ ಕಾಲಿ ಎಂಬ ಇತಿಹಾಸಕಾರ್ತಿ 1992ರಲ್ಲಿ ಬಲವಾಗಿ ವಾದಿಸಿದರು. ಎಷ್ಟೋ ವರ್ಷ ತರಗತಿಯಲ್ಲಿ ಈ ಪಾಠ ಮಾಡಿದ್ದೇನೆ. ಅವರ ವಾದದ ಜೊತೆ ಕೆಲವು ಕಡೆ ಜಗಳ ಇದ್ದರೂ, ಮೂಲ ಮಾತು ಸರಿ ಅಂತಲೇ ನನಗೆ ಅನ್ನಿಸುತ್ತದೆ.

ಈಗ ಫ್ರೆಂಚರು ಇಂಗ್ಲಿಷರಿಗೆ ಇಟ್ಟ ‘ರೋಸ್‌ಬೀಫ್’ ಎಂಬ ಹೆಸರಿಗೆ, ಅಂದರೆ ಸುಟ್ಟ ದನದ ಮಾಂಸಕ್ಕೆ, ಬರೋಣ. ಇದಕ್ಕೆ ಒಂದು ಚಿತ್ರ ತೋರಿಸಬೇಕು.

1748ರಲ್ಲಿ ವಿಲಿಯಂ ಹೋಗಾರ್ತ್ ಎಂಬ ಲಂಡನ್ ಕಲಾವಿದ ಫ್ರಾನ್ಸಿಗೆ ಹೋಗಿದ್ದರು. ವಾಪಸ್ ಬರುವಾಗ ಕ್ಯಾಲೆ ಬಂದರಿನಲ್ಲಿ ನಿಂತು ಊರಿನ ಹೆಬ್ಬಾಗಿಲಿನ ಚಿತ್ರ ಬರೆದುಕೊಳ್ಳುತ್ತಿದ್ದರು. ಕೋಟೆಯ ನಕ್ಷೆ ಬರೆಯುವ ಗೂಢಚಾರ ಅಂತ ಅವರನ್ನು ಹಿಡಿದರು. ಆಮೇಲೆ ಬಿಟ್ಟರು, ಹಡಗು ಹತ್ತಿಸಿ ಕಳಿಸಿದರು. ಅವಮಾನ ಮನಸ್ಸಿನಲ್ಲಿ ಕುದಿಯುತ್ತಿತ್ತು. ಊರಿಗೆ ಬಂದವರೇ ಒಂದು ತೈಲಚಿತ್ರ ಬರೆದರು. ಮರುವರ್ಷ ಅದರ ಅಚ್ಚುಪ್ರತಿಗಳು ಲಂಡನ್‌ನ ಅಂಗಡಿಗಳಿಗೆ ಬಂದವು.

ಮೂಲ ಚಿತ್ರ ಲಂಡನ್‌ನ ಟೇಟ್ ಸಂಗ್ರಹದಲ್ಲಿದೆ. ಹಿಂದೊಮ್ಮೆ ಅದರ ಮುಂದೆ ತುಂಬಾ ಹೊತ್ತು ನಿಂತಿದ್ದೆ. ನಡುವೆ ಒಬ್ಬ ಅಡುಗೆಯವನು ದನದ ಮಾಂಸದ ದೊಡ್ಡ ತುಂಡೊಂದನ್ನು ಏದುಸಿರು ಬಿಡುತ್ತಾ ಹೊತ್ತಿದ್ದಾನೆ. ಅದು ಕ್ಯಾಲೆಯಲ್ಲಿದ್ದ ಇಂಗ್ಲಿಷರ ಹೋಟೆಲಿಗೆ ಹೋಗುತ್ತಿರುವ ಮಾಂಸ. ಒಬ್ಬ ದಢೂತಿ ಪಾದ್ರಿ ಬಾಯಿ ಚಪ್ಪರಿಸುತ್ತಾ ಅದನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಾನೆ. ಹರಕು ಬಟ್ಟೆಯ ಫ್ರೆಂಚ್ ಸಿಪಾಯಿಗಳು ಬಿಟ್ಟ ಕಣ್ಣು ಬಿಟ್ಟಂತೆ ನಿಂತಿದ್ದಾರೆ. ಅವರ ಪಾಲಿಗೆ ನೀರಿನಂಥ ತಿಳಿಸಾರು ಮಾತ್ರ. ಹಿಂದೆ ಒಂದು ಪಕ್ಕದಲ್ಲಿ ಹೋಗಾರ್ತ್ ಚಿತ್ರ ಬರೆಯುತ್ತಾ ನಿಂತಿದ್ದಾರೆ, ಹಿಡಿಯಲು ಬಂದವನ ಕೈ ಆಗಲೇ ಹೆಗಲ ಹತ್ತಿರ ಬಂದಿದೆ.

ಒಂದೇ ಚಿತ್ರದಲ್ಲಿ ಎಷ್ಟೊಂದು ವಾದ ತುಂಬಿದ್ದಾರೆ ನೋಡಿ. ಫ್ರಾನ್ಸಿನಲ್ಲಿ ದೊರೆ ಮತ್ತು ಪಾದ್ರಿಗಳು ಉಬ್ಬಿದ್ದಾರೆ, ಜನ ಸೊರಗಿದ್ದಾರೆ. ನಾವು ಸ್ವತಂತ್ರರು, ಆದ್ದರಿಂದ ಹೊಟ್ಟೆ ತುಂಬಾ ಮಾಂಸ ತಿನ್ನುತ್ತೇವೆ. ಸಾರು ಕುಡಿಯುವವನು ಗುಲಾಮ, ಮಾಂಸ ತಿನ್ನುವವನು ಗಂಡಸು. ಆಗ ಇಂಗ್ಲೆಂಡಿನಲ್ಲಿದ್ದ ಬಡ ಕೂಲಿಯವನಿಗೆ ಅಂಥ ಮಾಂಸ ಯಾವಾಗಲೋ ಒಮ್ಮೆ ಸಿಕ್ಕರೆ ಅದೇ ಪುಣ್ಯ. ಆದರೂ ಅಂಗಡಿ ಕಿಟಕಿಯಲ್ಲಿ ಆ ಚಿತ್ರ ನೋಡಿ ಅವನೂ ಎದೆಯುಬ್ಬಿಸಿಕೊಂಡು ಹೋಗಬಹುದಿತ್ತು. ತಾನು ತಿನ್ನದ ಮಾಂಸದ ಮೇಲೆ ಅವನಿಗೂ ಒಂದು ಹಕ್ಕು ಸಿಕ್ಕಿತು.

ಇದು ಪೂರ್ತಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. 1685ರಲ್ಲಿ ಹದಿನಾಲ್ಕನೇ ಲೂಯಿ ಫ್ರಾನ್ಸಿನ ಪ್ರಾಟೆಸ್ಟೆಂಟರಿಗೆ ಇದ್ದ ರಕ್ಷಣೆಯನ್ನು ಕಿತ್ತುಹಾಕಿದಾಗ ಸಾವಿರಾರು ಕುಟುಂಬಗಳು ಜೀವ ಉಳಿಸಿಕೊಳ್ಳಲು ಇಂಗ್ಲೆಂಡಿಗೆ ಓಡಿಬಂದವು. ಹೀಗಾಗಿ ಫ್ರಾನ್ಸಿನ ದಬ್ಬಾಳಿಕೆಯ ಕಥೆಗಳು ಇಂಗ್ಲಿಷರ ಕಿವಿಗೆ ನೇರವಾಗಿ ಬಿದ್ದಿದ್ದವು. ಆ ನಿರಾಶ್ರಿತರಲ್ಲಿ ಎಷ್ಟೋ ಜನ ಲಂಡನ್‌ನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಮಗ್ಗ ಹಾಕಿ ರೇಷ್ಮೆ ನೇಯ್ದರು. ಫ್ರೆಂಚ್ ಕೈಗಳು ನೇಯ್ದ ರೇಷ್ಮೆ ಹೀಗೆ ಇಂಗ್ಲಿಷ್ ಬಟ್ಟೆಯಾಯಿತು. ಬೀಫ್ ಅನ್ನುವ ಪದವೇ ಫ್ರೆಂಚಿನಿಂದ ಬಂದದ್ದು. 1066ರಲ್ಲಿ ನಾರ್ಮಂಡಿಯಿಂದ ಬಂದು ಇಂಗ್ಲೆಂಡ್ ಗೆದ್ದವರ ಊಟದ ಮೇಜಿನ ಪದ ಅದು. ಹೋಗಾರ್ತ್ ಬರೆದುಕೊಳ್ಳುತ್ತಿದ್ದ ಕ್ಯಾಲೆ ಕೂಡ 1347ರಿಂದ 1558ರವರೆಗೆ ಇಂಗ್ಲಿಷರ ಊರಾಗಿತ್ತು.

ನಮ್ಮಲ್ಲಿ ದಾಯಾದಿ ಮತ್ಸರ ಅಂತೀವಲ್ಲ, ಇವರದ್ದು ಅಕ್ಷರಶಃ ಅದೇ. 1337ರಲ್ಲಿ ಶುರುವಾದ ನೂರು ವರ್ಷದ ಯುದ್ಧದ ಹಿಂದೆ ಆಸ್ತಿ ಜಗಳವೇ ಇತ್ತು. ಇಂಗ್ಲೆಂಡಿನ ಮೂರನೇ ಎಡ್ವರ್ಡ್ ತನ್ನ ತಾಯಿ ಫ್ರಾನ್ಸಿನ ರಾಜಕುಮಾರಿ, ಹಾಗಾಗಿ ಫ್ರಾನ್ಸಿನ ಸಿಂಹಾಸನ ತನಗೆ ಬರಬೇಕು ಅಂದ. ಹೆಣ್ಣಿನ ಕಡೆಯಿಂದ ಹಕ್ಕು ಬರುವುದಿಲ್ಲ ಅಂತ ಫ್ರೆಂಚರು ಅಂದರು. 1340ರಿಂದ 1801ರವರೆಗೆ ಇಂಗ್ಲೆಂಡಿನ ದೊರೆಗಳು ತಮ್ಮ ಬಿರುದುಗಳಲ್ಲಿ ‘ಫ್ರಾನ್ಸಿನ ರಾಜ’ ಅಂತಲೂ ಸೇರಿಸಿಕೊಳ್ಳುತ್ತಿದ್ದರು. ನಿಮ್ಮ ಮಗಳು ತನ್ನ ಇಂಗ್ಲಿಷ್ ಗೆಳತಿಯ ಪಾಸ್‌ಪೋರ್ಟಿನ ಮುಖಪುಟ ನೋಡಲಿ. ಅದರ ಮೇಲಿರುವ ರಾಜಲಾಂಛನದ ಧ್ಯೇಯವಾಕ್ಯ ಇವತ್ತಿಗೂ ಫ್ರೆಂಚಿನಲ್ಲಿದೆ. ‘ದಿಯು ಎ ಮೋ ದ್ರುವಾ’, ‘ದೇವರು ಮತ್ತು ನನ್ನ ಹಕ್ಕು’ ಅಂತ.

ಇಷ್ಟು ಹತ್ತಿರದವರು ಆದ್ದರಿಂದಲೇ ಬೇರೆ ಅಂತ ತೋರಿಸಿಕೊಳ್ಳಲು ಅಷ್ಟು ಕಷ್ಟಪಡಬೇಕಾಯಿತು. ಯಾರೂ ಮಂಗೋಲಿಯಾದವರ ಜೊತೆ ಹೋಲಿಸಿಕೊಂಡು ‘ನಾವು ಇಂಗ್ಲಿಷರು’ ಅಂತ ಹೇಳಿಕೊಳ್ಳಲಿಲ್ಲ. ಪಕ್ಕದ ಮನೆಯವನ ಜೊತೆಗೇ ತೂಕ ಹಾಕಿಕೊಳ್ಳುವುದು. ಸಣ್ಣ ಸಣ್ಣ ವ್ಯತ್ಯಾಸಗಳನ್ನೇ ದೊಡ್ಡದು ಮಾಡಿ ಪ್ರೀತಿಸುವ ಈ ಸ್ವಭಾವದ ಬಗ್ಗೆ ಮನೋವಿಶ್ಲೇಷಕ ಫ್ರಾಯ್ಡ್ ಬರೆದಿದ್ದಾರೆ. ಅವರು ಕೊಟ್ಟ ಉದಾಹರಣೆಗಳೆಲ್ಲ ಪಕ್ಕಪಕ್ಕದವರದ್ದೇ: ಸ್ಪೇನಿನವರು ಮತ್ತು ಪೋರ್ಚುಗೀಸರು, ಇಂಗ್ಲಿಷರು ಮತ್ತು ಸ್ಕಾಟ್‌ಗಳು.

ಆ ಕಡೆ ಫ್ರಾನ್ಸಿನಲ್ಲಿ ಕಥೆ ಬೇರೆ ದಾರಿಯಲ್ಲಿ ಹೋಯಿತು. ಹದಿನೆಂಟನೇ ಶತಮಾನದ ಮೊದಲ ಅರ್ಧದಲ್ಲಿ ಪ್ಯಾರಿಸ್‌ನ ಓದುಬಲ್ಲ ಜನಕ್ಕೆ ಇಂಗ್ಲೆಂಡ್ ಅಂದರೆ ಒಂಥರಾ ಹುಚ್ಚು. ಫ್ರೆಂಚ್ ಲೇಖಕ ವೋಲ್ಟೇರ್ 1726ರಿಂದ ಸುಮಾರು ಎರಡು ವರ್ಷ ಅಲ್ಲಿದ್ದು ಬಂದು, ಅವರ ಸಂಸತ್ತು, ಧಾರ್ಮಿಕ ಸಹನೆ, ನ್ಯೂಟನ್ ಎಲ್ಲವನ್ನೂ ಹೊಗಳಿ ಬರೆದರು. ಆದರೆ 1763ರ ಹೊತ್ತಿಗೆ ಏಳು ವರ್ಷದ ಯುದ್ಧದಲ್ಲಿ ಫ್ರಾನ್ಸ್ ಕೆನಡಾ ಕಳೆದುಕೊಂಡಿತು, ಭಾರತದಲ್ಲೂ ಹಿಡಿತ ತಪ್ಪಿತು. ಧಾಟಿ ಬದಲಾಯಿತು. ಇಂಗ್ಲಿಷರು ಲೆಕ್ಕದ ಪುಸ್ತಕದವರು, ಮಾತಿಗೆ ತಪ್ಪುವವರು, ಮಂಜಿನಲ್ಲಿ ಕೂತು ಮಂಕಾಗುವವರು ಅಂತೆಲ್ಲ ಬರೆಯತೊಡಗಿದರು. 1789ರ ಫ್ರೆಂಚ್ ಕ್ರಾಂತಿಯ ಕಾಲಕ್ಕೆ ಇದಕ್ಕೆ ಒಂದು ದೊಡ್ಡ ರೂಪಕವೂ ಸಿಕ್ಕಿತು. ಫ್ರಾನ್ಸ್ ಅಂದರೆ ರೋಮ್, ಶೂರರ ಗಣರಾಜ್ಯ. ಇಂಗ್ಲೆಂಡ್ ಅಂದರೆ ಕಾರ್ಥೇಜ್, ರೋಮನ್ನರ ಕೈಯಲ್ಲಿ ನೆಲಸಮವಾದ ವ್ಯಾಪಾರಿಗಳ ಊರು. ‘ವಂಚಕ ಆಲ್ಬಿಯನ್’ ಎಂಬ ಮಾತು 1793ರ ಒಂದು ಕವಿತೆಯಿಂದ ಜನರ ಬಾಯಿಗೆ ಬಂತು. ಆಲ್ಬಿಯನ್ ಅಂದರೆ ಬ್ರಿಟನ್ನಿನ ಹಳೆಯ ಹೆಸರು.

‘ಇದು ಬರೀ ತಮಾಷೆನಾ’ ಅಂತ ಕೇಳಿದ್ದೀರಿ. ಅದಕ್ಕೆ ಉತ್ತರವಾಗಿ ಎರಡು ತಾರೀಖು ಕೊಡುತ್ತೇನೆ.

1794ರ ಮೇ 26ರಂದು ಪ್ಯಾರಿಸ್‌ನ ನ್ಯಾಷನಲ್ ಕನ್ವೆನ್ಷನ್, ಅಂದರೆ ಕ್ರಾಂತಿಯ ಶಾಸನಸಭೆ, ಒಂದು ಆಜ್ಞೆ ಹೊರಡಿಸಿತು. ಇನ್ನು ಮುಂದೆ ಇಂಗ್ಲಿಷ್ ಸೈನಿಕರನ್ನು ಸೆರೆ ಹಿಡಿಯಬಾರದು. ಅಂದರೆ ಶರಣಾದರೂ ಕೊಲ್ಲಬೇಕು. ಮಂಡಿಸಿದವರು ಬರೇರ್ ಎಂಬ ನಾಯಕ. ಇಂಗ್ಲಿಷರನ್ನು ಮನುಷ್ಯ ಕುಲದ ಶತ್ರುಗಳೆಂದು ಬಣ್ಣಿಸುತ್ತಿದ್ದ ಕಾಲ ಅದು. ಪುಣ್ಯಕ್ಕೆ ಗಡಿಯಲ್ಲಿದ್ದ ಫ್ರೆಂಚ್ ಸೈನಿಕರು ಬಹುಪಾಲು ಅದನ್ನು ಪಾಲಿಸಲಿಲ್ಲ.

ಒಂಬತ್ತು ದಿನ ಕಳೆದು, ಜೂನ್ 4ರಂದು, ಅದೇ ಸಭೆಯ ಮುಂದೆ ಆಬೆ ಗ್ರೆಗ್ವಾರ್ ಎಂಬ ಪಾದ್ರಿ ಒಂದು ವರದಿ ಓದಿದರು. ಅದು ಫ್ರಾನ್ಸಿನೊಳಗಿನ ಭಾಷೆಗಳ ಬಗ್ಗೆ. ಅರವತ್ತು ಲಕ್ಷ ಜನಕ್ಕೆ ಫ್ರೆಂಚ್ ಬರುವುದೇ ಇಲ್ಲ, ಇನ್ನು ಹೆಚ್ಚುಕಡಿಮೆ ಅಷ್ಟೇ ಜನಕ್ಕೆ ಫ್ರೆಂಚಿನಲ್ಲಿ ಮಾತು ಮುಂದುವರಿಸಲು ಆಗುವುದಿಲ್ಲ, ಶುದ್ಧವಾಗಿ ಮಾತಾಡುವವರು ಮೂವತ್ತು ಲಕ್ಷ ದಾಟುವುದಿಲ್ಲ ಅಂತ ಅವರ ಅಂದಾಜು. ಬ್ರಿಟನಿಯಲ್ಲಿ ಬ್ರೆಟನ್, ದಕ್ಷಿಣದಲ್ಲಿ ಆಕ್ಸಿಟಾನ್ ನುಡಿಗಳು, ಆಲ್ಸಾಸ್‌ನಲ್ಲಿ ಜರ್ಮನ್ ಮಾತು.

ಈ ಎರಡು ದಿನಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ತಮ್ಮ ಜನ ತಮ್ಮ ಭಾಷೆ ಆಡುವುದಿಲ್ಲ ಅಂತ ಕಂಡುಕೊಂಡ ಸಭೆಯೇ ಇಂಗ್ಲಿಷನಾಗಿ ಹುಟ್ಟಿದ್ದಕ್ಕೆ ಒಬ್ಬ ಸೆರೆಯಾಳನ್ನು ಕೊಲ್ಲಬಹುದು ಅಂತಲೂ ತೀರ್ಮಾನ ಮಾಡಿತ್ತು.

ಇನ್ನು ಈ ಚಿತ್ರಗಳು ಎಷ್ಟು ಬೇಗ ಬಣ್ಣ ಬದಲಿಸುತ್ತವೆ ಅಂತ ನೋಡಬೇಕು. 1789ರವರೆಗೆ ಇಂಗ್ಲಿಷರ ಕಣ್ಣಿನಲ್ಲಿ ಫ್ರೆಂಚರ ತಪ್ಪು ಏನು? ದೊರೆ ಮತ್ತು ಪಾದ್ರಿಗೆ ಬಾಗುವುದು. ಕ್ರಾಂತಿಯಾಯಿತು, ಫ್ರೆಂಚರು ದೊರೆಯ ತಲೆ ಕಡಿದರು, ಚರ್ಚ್ ಮುಚ್ಚಿದರು. ಹಳೆಯ ದೂರಿನ ಪ್ರಕಾರ ಇಂಗ್ಲಿಷರು ಖುಷಿಪಡಬೇಕಿತ್ತು. ಆದರೆ ಈಗ ಫ್ರೆಂಚರು ದೇವರಿಲ್ಲದವರು, ದೊರೆಗೆ ಬಾಗದವರು, ರಕ್ತಪಿಪಾಸುಗಳು ಆದರು. 1792ರ ಕೊನೆಯಲ್ಲಿ ಜೇಮ್ಸ್ ಗಿಲ್ರೇ ಬರೆದ ವ್ಯಂಗ್ಯಚಿತ್ರದಲ್ಲಿ ಎರಡು ಚೌಕಗಳಿವೆ. ಒಂದರಲ್ಲಿ ಮೂಳೆ ಚಕ್ಕಳದ ಫ್ರೆಂಚ್ ಮನುಷ್ಯ ಹಸಿ ಈರುಳ್ಳಿ ಕಡಿಯುತ್ತಾ ಸ್ವಾತಂತ್ರ್ಯವನ್ನು ಹೊಗಳುತ್ತಿದ್ದಾನೆ. ಇನ್ನೊಂದರಲ್ಲಿ ಹೊಟ್ಟೆ ಬಿರಿಯುವ ಇಂಗ್ಲಿಷ್ ಮನುಷ್ಯ ಮಾಂಸ ಕೊಯ್ಯುತ್ತಾ ತೆರಿಗೆಯ ಭಾರಕ್ಕೆ ಸಾಯುತ್ತಿದ್ದೇವೆ ಅಂತ ಗೊಣಗುತ್ತಿದ್ದಾನೆ. ಕಾರಣ ಪೂರ್ತಿ ತಿರುಗುಮುರುಗಾಗಿದೆ. ಮಾಂಸ ಮತ್ತು ಬಡಕಲು ಮೈ ಮಾತ್ರ ಹಾಗೇ ಇವೆ.

ನೆಪೋಲಿಯನ್ ಕುಳ್ಳ ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದಿದ್ದೇವೆ, ಅಲ್ವಾ? ಅದನ್ನು ಹೆಚ್ಚಾಗಿ ಹರಡಿದ್ದೂ ಗಿಲ್ರೇ ಅವರ ಕುಂಚವೇ. ನೆಪೋಲಿಯನ್ 5 ಅಡಿ 2 ಅಂಗುಲ ಅಂತ ದಾಖಲಾಗಿದ್ದು ಫ್ರೆಂಚ್ ಅಳತೆಯಲ್ಲಿ. ಆಗಿನ ಫ್ರೆಂಚ್ ಅಂಗುಲ ಇಂಗ್ಲಿಷ್ ಅಂಗುಲಕ್ಕಿಂತ ಉದ್ದ. ಲೆಕ್ಕ ಹಾಕಿದರೆ ಸುಮಾರು 168 ಸೆಂಟಿಮೀಟರ್ ಆಗುತ್ತದೆ. ಆ ಕಾಲದ ಫ್ರೆಂಚ್ ಗಂಡಸರ ನಡುವೆ ಅದೇನೂ ಕಡಿಮೆ ಎತ್ತರ ಅಲ್ಲ. ಇನ್ನೂರು ವರ್ಷ ಆದಮೇಲೂ ಕರ್ನಾಟಕದ ಒಂದು ತರಗತಿಯಲ್ಲಿ ಮಕ್ಕಳು ‘ಕುಳ್ಳ ನೆಪೋಲಿಯನ್’ ಅಂತ ಬರೆಯುತ್ತಾರೆ ಅಂದರೆ ಒಂದು ಅಚ್ಚಿನ ಶಕ್ತಿ ಎಷ್ಟಿರಬೇಕು ಯೋಚಿಸಿ.

ಅಚ್ಚು ಅಂತ ಸುಮ್ನೆ ಹೇಳಲಿಲ್ಲ. ನಾವು ಪಡಿಯಚ್ಚು ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಇರುವ ‘ಸ್ಟೀರಿಯೋಟೈಪ್’ ಎಂಬ ಪದ ಬಂದದ್ದು ಮುದ್ರಣಾಲಯದಿಂದ. ಅಕ್ಷರದ ಮೊಳೆಗಳನ್ನು ಪ್ರತಿಸಲ ಜೋಡಿಸುವ ಬದಲು ಇಡೀ ಪುಟವನ್ನೇ ಲೋಹದಲ್ಲಿ ಎರಕ ಹೊಯ್ದು ಇಟ್ಟುಕೊಂಡರೆ ಬೇಕಾದಾಗ ಒತ್ತಬಹುದು. ಆ ಹೆಸರು ಕೊಟ್ಟವರು ಪ್ಯಾರಿಸ್‌ನ ದಿದೋ ಮನೆತನದ ಮುದ್ರಕರು, ಅದೂ ಈ ಕ್ರಾಂತಿಯ ಕಾಲದಲ್ಲೇ.

ಆ ಎರಕದ ಅಚ್ಚು ನಮ್ಮ ಕಾವೇರಿ ದಡಕ್ಕೂ ಬಂತು. ಟಿಪ್ಪು ಸುಲ್ತಾನ್ ಫ್ರೆಂಚರ ಸಹಾಯ ಕೇಳಿ ಮಾರಿಷಸ್‌ಗೆ ದೂತರನ್ನು ಕಳಿಸಿದ್ದರು. 1798ರ ಜನವರಿಯಲ್ಲಿ ಅಲ್ಲಿನ ಫ್ರೆಂಚ್ ಗವರ್ನರ್ ಮಲಾರ್ತಿಕ್ ಅದನ್ನು ಬಹಿರಂಗವಾಗಿ ಸಾರಿಬಿಟ್ಟರು. ಕೊನೆಗೆ ಮಂಗಳೂರಿನಲ್ಲಿ ಬಂದಿಳಿದವರು ನೂರರಷ್ಟು ಜನ. ಇಷ್ಟೇ ಸಹಾಯ ಬಂದರೂ ಬ್ರಿಟಿಷರ ಬರಹಗಳಲ್ಲಿ ಟಿಪ್ಪು, ಕ್ರಾಂತಿಯ ಫ್ರೆಂಚರು ಒಬ್ಬರನ್ನೊಬ್ಬರು ಕರೆಯುತ್ತಿದ್ದ ಹಾಗೆ, ‘ಸಿಟಿಜನ್ ಟಿಪ್ಪು’ ಆದರು. ಫ್ರೆಂಚ್ ಕ್ರಾಂತಿಕಾರಿಗಳ ಭಯಾನಕ ಚಿತ್ರವನ್ನು ಪೂರ್ವದ ಕ್ರೂರ ಸುಲ್ತಾನನ ಚಿತ್ರದ ಮೇಲೆ ಅಂಟಿಸಿದರು. ಶ್ರೀರಂಗಪಟ್ಟಣದಲ್ಲಿ ಫ್ರೆಂಚರು 1797ರಲ್ಲಿ ಜಾಕೋಬಿನ್ ಎಂಬ ಉಗ್ರ ಕ್ರಾಂತಿಕಾರಿಗಳ ಕ್ಲಬ್ ಮಾಡಿಕೊಂಡು, ಸ್ವಾತಂತ್ರ್ಯದ ಮರ ನೆಟ್ಟರು ಅಂತ ಹೇಳುವ ಕಾಗದಗಳನ್ನು ಬ್ರಿಟಿಷರು ಆಮೇಲೆ ಪ್ರಕಟಿಸಿದರು. ಅವುಗಳಲ್ಲಿ ಎಷ್ಟು ನಿಜ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 1799ರ ಮೇ 4ರಂದು ಕೋಟೆ ಬಿತ್ತು. ಯುದ್ಧಕ್ಕೆ ಜಾಗ, ಹಣ, ಅಧಿಕಾರದ ಕಾರಣಗಳು ಬೇಕಾದಷ್ಟಿದ್ದವು. ಆದರೆ ಲಂಡನ್‌ನಲ್ಲಿ ಅದನ್ನು ಒಪ್ಪಿಸಲು ಕಡಲಾಚೆಯ ಫ್ರೆಂಚ್ ನೆರೆಯವನ ಚಿತ್ರ ಬೇಕಾಯಿತು. ಆ ದಂಡಯಾತ್ರೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಎಂಬ ಅಧಿಕಾರಿಯೇ ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆಗಿ, 1815ರಲ್ಲಿ ವಾಟರ್ಲೂದಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವರು.

ಆಮೇಲೆ ಒಂದು ಶತಮಾನದಲ್ಲಿ ಈ ದ್ವೇಷ ಮೆತ್ತಗಾಯಿತು. ಇಬ್ಬರಿಗೂ ಜರ್ಮನಿಯ ಭಯ ಹತ್ತಿತು, 1904ರಲ್ಲಿ ಕೈ ಕುಲುಕಿದರು, ಮೊದಲ ಮಹಾಯುದ್ಧದಲ್ಲಿ ಒಟ್ಟಿಗೆ ಸತ್ತರು. ಹಾಗಾದರೆ ಆ ಅಚ್ಚುಗಳು ಕರಗಿಹೋದವಾ? ಇಲ್ಲ. ಅಟ್ಟದ ಮೇಲೆ ಇದ್ದವು. 1940ರಲ್ಲಿ ಏನಾಯಿತು ಅಂತ ಹೇಳುತ್ತೇನೆ.

ಜೂನ್ 16. ಜರ್ಮನ್ ಸೈನ್ಯ ಆಗಲೇ ಪ್ಯಾರಿಸ್ ಹಿಡಿದಿದೆ. ಫ್ರೆಂಚ್ ಸರ್ಕಾರ ಬೋರ್ಡೋ ಊರಿಗೆ ಓಡಿಹೋಗಿದೆ. ಆ ದಿನ ಚರ್ಚಿಲ್ ಅವರ ಸಂಪುಟ ಒಂದು ಘೋಷಣೆಗೆ ಒಪ್ಪಿಗೆ ಕೊಟ್ಟಿತು. ಇನ್ನು ಮುಂದೆ ಬ್ರಿಟನ್ ಮತ್ತು ಫ್ರಾನ್ಸ್ ಎರಡು ದೇಶಗಳಲ್ಲ, ಒಂದೇ ಒಕ್ಕೂಟ. ಪ್ರತಿಯೊಬ್ಬ ಫ್ರೆಂಚನಿಗೂ ಬ್ರಿಟಿಷ್ ಪೌರತ್ವ, ಪ್ರತಿಯೊಬ್ಬ ಬ್ರಿಟಿಷನಿಗೂ ಫ್ರೆಂಚ್ ಪೌರತ್ವ. ಲಂಡನ್‌ನಲ್ಲಿದ್ದ ಫ್ರೆಂಚ್ ಸೇನಾನಿ ಡಿಗಾಲ್ ಅದನ್ನು ಫೋನಿನಲ್ಲಿ ಫ್ರೆಂಚ್ ಪ್ರಧಾನಿ ರೆನೋ ಅವರಿಗೆ ಓದಿ ಹೇಳಿದರು. ರೆನೋ ಖುಷಿಯಿಂದ ಸಂಪುಟದ ಮುಂದೆ ಇಟ್ಟರು. ಅಲ್ಲಿ ಕೆಲವರಿಗೆ ಇದು ಫ್ರಾನ್ಸಿನ ವಸಾಹತುಗಳನ್ನು ನುಂಗಲು ಇಂಗ್ಲಿಷರು ಹೂಡಿದ ಆಟದಂತೆ ಕಂಡಿತು. ಮುಳುಗುವ ಹೊತ್ತಿನಲ್ಲಿ ಚಾಚಿದ ಕೈಯಲ್ಲೂ ‘ವಂಚಕ ಆಲ್ಬಿಯನ್’ ಕಾಣಿಸಿತು. ಅದೇ ರಾತ್ರಿ ರೆನೋ ರಾಜೀನಾಮೆ ಕೊಟ್ಟರು. ಮಾರ್ಷಲ್ ಪೆತಾ ಅಧಿಕಾರಕ್ಕೆ ಬಂದು ಜರ್ಮನಿಯ ಜೊತೆ ಕದನವಿರಾಮ ಮಾಡಿಕೊಂಡರು.

ಹದಿನೇಳು ದಿನ ಕಳೆಯಿತು. ಫ್ರೆಂಚ್ ಯುದ್ಧನೌಕೆಗಳು ಹಿಟ್ಲರ್ ಕೈಗೆ ಸಿಕ್ಕಿಬಿಡುತ್ತವೆ ಎಂಬ ಭಯಕ್ಕೆ ಜುಲೈ 3ರಂದು ಬ್ರಿಟಿಷ್ ನೌಕಾಪಡೆ ಅಲ್ಜೀರಿಯಾದ ಮೆರ್ಸ್-ಎಲ್-ಕೆಬೀರ್ ಬಂದರಿನಲ್ಲಿ ಅವುಗಳ ಮೇಲೆ ಗುಂಡಿನ ಮಳೆ ಸುರಿಸಿತು. ಸುಮಾರು 1,300 ಫ್ರೆಂಚ್ ನಾವಿಕರು ಸತ್ತರು. ಒಂದೇ ದೇಶವಾಗೋಣ ಅಂದವರು ಮೂರು ವಾರ ತುಂಬುವ ಮೊದಲೇ ಕೊಂದರು. ಪೆತಾ ಸರ್ಕಾರದ ಪ್ರಚಾರದವರಿಗೆ ಹೊಸದಾಗಿ ಏನನ್ನೂ ಬರೆಯಬೇಕಾಗಿರಲಿಲ್ಲ, ಅಟ್ಟದಿಂದ ಹಳೆಯ ಅಚ್ಚು ಇಳಿಸಿದರೆ ಸಾಕಿತ್ತು. 1944ರಲ್ಲಿ ಮಿತ್ರರಾಷ್ಟ್ರಗಳು ರೂಆಂ ನಗರದ ಮೇಲೆ ಬಾಂಬ್ ಹಾಕಿದಾಗ ಒಂದು ಪೋಸ್ಟರ್ ಬಂತು. ಉರಿಯುವ ಊರು, ಮುಂದೆ ಜೋನ್ ಆಫ್ ಆರ್ಕ್, ಇಂಗ್ಲಿಷರ ವಿರುದ್ಧ ಫ್ರೆಂಚ್ ಸೈನ್ಯವನ್ನು ಮುನ್ನಡೆಸಿದ ಹುಡುಗಿ. 1431ರಲ್ಲಿ ಇಂಗ್ಲಿಷರ ಹಿಡಿತದಲ್ಲಿದ್ದ ಇದೇ ಊರಿನಲ್ಲಿ ಆಕೆಯನ್ನು ಸುಟ್ಟಿದ್ದರು. ಕೊಲೆಗಾರರು ತಾವು ಕೊಂದ ಜಾಗಕ್ಕೆ ಯಾವಾಗಲೂ ಮರಳಿ ಬರುತ್ತಾರೆ ಎಂಬ ಅರ್ಥದ ಸಾಲು ಅದರ ಮೇಲಿತ್ತು. 513 ವರ್ಷದ ಹಿಂದಿನ ಬೂದಿಯನ್ನು ಕೆದಕಿ ಒಲೆ ಹೊತ್ತಿಸಿದ ಹಾಗೆ.

ಇದನ್ನೆಲ್ಲ ಓದಿ ನಿಮಗೆ ಮಗಳ ಮನೆಯ ಬಗ್ಗೆ ಗಾಬರಿ ಬೇಡ. ಬಹಳಷ್ಟು ಕಡೆ ಈ ಗೇಲಿ ಹಲ್ಲು ಕಿತ್ತ ಹಾವು. ಭಾಷೆಯೊಳಗೆ ಸೇರಿಕೊಂಡು ನಿರಪಾಯವಾಗಿ ಮಲಗಿರುತ್ತದೆ. ಯಾರಿಗೂ ಹೇಳದೆ ಜಾಗ ಖಾಲಿ ಮಾಡುವುದಕ್ಕೆ ಇಂಗ್ಲಿಷರು ‘ಫ್ರೆಂಚ್ ಲೀವ್’ ತಗೊಂಡರು ಅನ್ನುತ್ತಾರೆ. ಫ್ರೆಂಚರು ಅದೇ ಕೆಲಸಕ್ಕೆ ‘ಇಂಗ್ಲಿಷರ ಹಾಗೆ ನುಸುಳುವುದು’ ಅನ್ನುತ್ತಾರೆ. ಸಿಫಿಲಿಸ್ ಎಂಬ ಲೈಂಗಿಕ ರೋಗವನ್ನು ಇಂಗ್ಲಿಷರು ಫ್ರೆಂಚ್ ರೋಗ ಅಂದರು, ಫ್ರೆಂಚರು ನೇಪಲ್ಸ್ ರೋಗ ಅಂದರು, ರಷ್ಯನ್ನರು ಪೋಲಿಷ್ ರೋಗ ಅಂದರು. ನಾವೇನು ಕಮ್ಮಿ ಇಲ್ಲ. ಹದಿನಾರನೇ ಶತಮಾನದ ಭಾವಪ್ರಕಾಶ ಎಂಬ ಆಯುರ್ವೇದ ಗ್ರಂಥದಲ್ಲಿ ಅದು ‘ಫಿರಂಗ ರೋಗ’. ಆ ಫಿರಂಗಿಯೇ ನಮ್ಮ ಬಾಯಲ್ಲಿ ಪರಂಗಿ. ಮೂಲ ‘ಫ್ರಾಂಕ್’, ಫ್ರಾನ್ಸಿಗೆ ಹೆಸರು ಕೊಟ್ಟ ಅದೇ ಪದ. ಪೋರ್ಚುಗೀಸರ ಕಾಲದಲ್ಲಿ ಕಡಲಾಚೆಯಿಂದ ಬಂದ ಹಣ್ಣಿಗೂ ಪರಂಗಿ ಹಣ್ಣು ಅಂದೆವು, ಅದು ಮಾತ್ರ ಎಷ್ಟು ಸಿಹಿ.

ಬೇರೆ ಕಡೆಯೂ ಹೀಗೇ. ಸ್ವೀಡನ್ ಮತ್ತು ನಾರ್ವೆ 1905ರಲ್ಲಿ ಬೇರೆಯಾದವು. ಸ್ವೀಡನ್ನಿನಲ್ಲಿ ದಡ್ಡ ನಾರ್ವೆಯವನ ಜೋಕು, ನಾರ್ವೆಯಲ್ಲಿ ದಡ್ಡ ಸ್ವೀಡನ್ನಿನವನ ಜೋಕು. ಎಷ್ಟೋ ಸಲ ಜೋಕು ಒಂದೇ, ಹೆಸರು ಮಾತ್ರ ಅದಲುಬದಲು. ಈ ನಂಬಿಕೆಗಳಲ್ಲಿ ಹುರುಳಿದೆಯಾ ಅಂತ ಪರೀಕ್ಷೆಯೂ ಆಗಿದೆ. 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ 49 ಸಂಸ್ಕೃತಿಗಳ ಜನರನ್ನು ‘ನಿಮ್ಮ ದೇಶದವರು ಸಾಮಾನ್ಯವಾಗಿ ಎಂಥವರು?’ ಅಂತ ಕೇಳಿದರು. ಉತ್ತರಗಳನ್ನು ಆಯಾ ದೇಶದ ವ್ಯಕ್ತಿಗಳ ಸ್ವಭಾವದ ಅಳತೆಗಳ ಜೊತೆ ಹೋಲಿಸಿದರು. ಎರಡಕ್ಕೂ ತಾಳೆಯಾಗಲಿಲ್ಲ. ಕೆನಡಾದವರು ತಾವು ಮೆದು, ಪಕ್ಕದ ಅಮೆರಿಕದವರು ಜೋರು ಅಂತ ನಂಬಿಕೊಂಡಿದ್ದಾರೆ. ಅಳೆದು ನೋಡಿದರೆ ಇಬ್ಬರ ಸ್ವಭಾವವೂ ಹೆಚ್ಚುಕಡಿಮೆ ಒಂದೇ.

ಇಷ್ಟಾದರೂ ದೇಶದ ಗುರುತು ಪೂರ್ತಿಯಾಗಿ ಇದರಿಂದಲೇ ಹುಟ್ಟುತ್ತದೆ ಅಂತ ನಾನು ಒಪ್ಪುವುದಿಲ್ಲ. ಗ್ರೆಗ್ವಾರ್ ಎಣಿಸಿದ ಹಳ್ಳಿಗರ ವಂಶದವರು ಫ್ರೆಂಚರಾದದ್ದು ಇಂಗ್ಲಿಷರನ್ನು ಬೈದು ಅಲ್ಲ. 1880ರ ದಶಕದಲ್ಲಿ ಶಿಕ್ಷಣ ಉಚಿತ, ಕಡ್ಡಾಯ ಆಯಿತು. ಊರೂರಿಗೂ ಶಾಲೆ ಬಂತು, ರೈಲು ಬಂತು, ಸೈನ್ಯದ ಕರೆ ಬಂತು. ನೆರೆಯವನ ಚಿತ್ರ ಮೊದಲ ಗೂಟ ಹೊಡೆದುಕೊಡುತ್ತದೆ, ಮನೆ ಕಟ್ಟಲು ಇನ್ನೂ ಎಷ್ಟೋ ಬೇಕು. ಬರೀ ಗೂಟವನ್ನೇ ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನೇ ಉದಾಹರಣೆ.

ಹೋಗಾರ್ತ್ ಚಿತ್ರದ ಮುಂಭಾಗದಲ್ಲಿ, ಗೋಡೆಯ ಹತ್ತಿರ ಒಬ್ಬ ಕುಸಿದು ಕೂತಿದ್ದಾನೆ. ಮಾಂಸ ನೋಡುವ ಭರದಲ್ಲಿ ಮೊದಲ ಸಲ ನನಗೂ ಕಾಣಲಿಲ್ಲ. ಅವನು ಸ್ಕಾಟ್ಲೆಂಡಿನವನು. 1745ರಲ್ಲಿ ಲಂಡನ್ ದೊರೆಯ ವಿರುದ್ಧ ದಂಗೆ ಎದ್ದು, ಮರುವರ್ಷ ಸೋತು, ಫ್ರಾನ್ಸಿಗೆ ಓಡಿಬಂದವರಲ್ಲಿ ಒಬ್ಬ. ಪಕ್ಕದಲ್ಲಿ ಒಂದು ಈರುಳ್ಳಿ, ಒಂದು ಚೂರು ಬ್ರೆಡ್ಡು. 1748ರಲ್ಲಿ ಅವನು ‘ಅವರ’ ಕಡೆಯವನು. ವಾಟರ್ಲೂ ಹೊತ್ತಿಗೆ ಕಿಲ್ಟ್ ಉಟ್ಟ ಸ್ಕಾಟಿಷ್ ಪಡೆಗಳೇ ಬ್ರಿಟಿಷ್ ಚಿತ್ರಗಳ ವೀರರು. ಫ್ರೆಂಚ್ ಶತ್ರು ಅವನನ್ನು ಆ ಮೂಲೆಯಿಂದ ಎಬ್ಬಿಸಿ ಒಳಗೆ ಕರೆತಂದ. ಈಗ ಆ ಶತ್ರು ಇಲ್ಲ. 1994ರಿಂದ ಸಮುದ್ರದ ಕೆಳಗಿನ ಸುರಂಗದಲ್ಲಿ ರೈಲು ಓಡಾಡುತ್ತಿದೆ. 2014ರ ಸೆಪ್ಟೆಂಬರ್ 18ರಂದು ಸ್ಕಾಟ್ಲೆಂಡಿನ ಜನ ಬ್ರಿಟನ್ ಬಿಟ್ಟು ಹೋಗಬೇಕೇ ಅಂತ ಮತ ಹಾಕಿದರು. ಉಳಿಯೋಣ ಅಂದವರು ನೂರಕ್ಕೆ 55, ಹೋಗೋಣ ಅಂದವರು 45.

ಲಂಡನ್‌ಗೆ ಹೋದಾಗ ಟೇಟ್ ಬ್ರಿಟನ್ ನೋಡಿ ಬರಲು ಮಗಳಿಗೆ ಹೇಳಿ. ಇಬ್ಬರು ಗೆಳತಿಯರನ್ನೂ ಕರೆದುಕೊಂಡು ಹೋಗಲಿ. ಆ ಚಿತ್ರ ಗೋಡೆಯ ಮೇಲಿದ್ದರೆ ಮಾಂಸವನ್ನು ಬಿಟ್ಟು, ಮೊದಲು ಆ ಮೂಲೆಯಲ್ಲಿ ಕೂತಿರುವವನನ್ನು ಹುಡುಕಲಿ.